ಅಳತೆಗೆ ನಿಂತ ಅಪ್ಪ

ಕಳೆದ ವಾರ ನಮ್ಮ ಮಿಕ್ಸಿಯ ಮುಚ್ಚಳ ಒಡೆಯಿತು. ಬೀಳಗಿಯ ಅಂಗಡಿಗಳಲ್ಲಿ ಅಂಥದು ಸಿಗಲಿಲ್ಲ. ಬಾಗಲಕೋಟೆಯ ಅಂಗಡಿಯೊಂದಕ್ಕೆ ಫೋನು ಮಾಡಿದೆ. 'ಫೋಟೋ ಹಾಕ್ರಿ ಮೇಡಂ, ನೋಡಿ ಹೇಳ್ತೀನಿ' ಎಂದರು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಇಟ್ಟು, ಪಕ್ಕದಲ್ಲಿ ಒಂದು ಕಡ್ಡಿಪೆಟ್ಟಿಗೆ ಇಟ್ಟು, ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಮುಚ್ಚಳ ಐತ್ರಿ. ಕಡ್ಡಿಪೆಟ್ಟಿಗಿ ಮಾತ್ರ ನಿಮ್ಮೂರಾಗ ತಗೋರಿ.'

ನಕ್ಕೆ. ಆಮೇಲೆ ಆ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಕಡ್ಡಿಪೆಟ್ಟಿಗೆ ಮುಚ್ಚಳದಿಂದ ಒಂದು ಬೆರಳಿನಷ್ಟು ದೂರದಲ್ಲಿ, ನೆಟ್ಟಗೆ, ಮೌನವಾಗಿ ನಿಂತಿತ್ತು. ಅದು ನಿಂತ ರೀತಿ ನನಗೆ ಬಹಳ ಪರಿಚಯದ್ದು.

ಅಳತೆಗೆ ಏನಾದರೊಂದು ಪಕ್ಕದಲ್ಲಿ ಇಲ್ಲದಿದ್ದರೆ ನನಗೆ ಫೋಟೋ ತೆಗೆಯಲು ಬರುವುದಿಲ್ಲ. ಓದಿದ್ದು ಭೂವಿಜ್ಞಾನ, ಈಗ ಕಲಿಸುವುದೂ ಅದನ್ನೇ, ಮುಧೋಳದ ಒಂದು ಕಾಲೇಜಿನಲ್ಲಿ. ಧಾರವಾಡದಲ್ಲಿ ಓದುವಾಗ ಬಂಡೆಯ ಫೋಟೋ ತೆಗೆದರೆ ಅದರ ಮೇಲೆ ಸುತ್ತಿಗೆಯನ್ನೋ ಪೆನ್ನನ್ನೋ ಇಡಬೇಕಿತ್ತು. ಇಲ್ಲವಾದರೆ ನೋಡಿದವರಿಗೆ ಅದು ಗುಡ್ಡವೋ ಗುಂಡುಕಲ್ಲೋ ತಿಳಿಯದು. ಗೆಳತಿಯರು ಸುತ್ತಿಗೆ ಮರೆತು ಬೈಸಿಕೊಳ್ಳುತ್ತಿದ್ದರು. ನಾನು ಒಮ್ಮೆಯೂ ಮರೆಯಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಆ ಪಾಠ ನನಗೆ ಮನೆಯಲ್ಲೇ ಆಗಿತ್ತು. ಕಾಲೇಜಿನಲ್ಲಿ ಸುತ್ತಿಗೆ ಇಡುತ್ತಿದ್ದರು, ನಮ್ಮ ಮನೆಯಲ್ಲಿ ಮನುಷ್ಯರನ್ನು ನಿಲ್ಲಿಸುತ್ತಿದ್ದೆವು.

ಅಪ್ಪ ಕಾಲುವೆ ನೋಡಿಕೊಳ್ಳುವ ನೌಕರಿಯಲ್ಲಿದ್ದ. ದಂಡೆ ಕುಸಿದರೆ, ಕಲ್ಲುಕಟ್ಟಡ ಬಿರುಕು ಬಿಟ್ಟರೆ, ತೂಬಿನ ಬಾಗಿಲು ಸೊಟ್ಟಗಾದರೆ ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕು. ಬಿರುಕು ಎಷ್ಟು ದೊಡ್ಡದೆಂದು ಕುರ್ಚಿಯಲ್ಲಿ ಕೂತವರಿಗೆ ಗೊತ್ತಾಗಬೇಕಾದರೆ ಅದರ ಪಕ್ಕ ಒಬ್ಬ ಆಳು ನಿಲ್ಲಬೇಕು. ಹೀಗೆ ವರ್ಷಗಟ್ಟಲೆ ಬಿರುಕುಗಳ ಪಕ್ಕ ಆಳುಗಳನ್ನು ನಿಲ್ಲಿಸಿ ನಿಲ್ಲಿಸಿ, ಫೋಟೋ ಎಂದರೆ ಇದೇ ಎಂದು ಅಪ್ಪನಿಗೆ ಗಟ್ಟಿಯಾಗಿಬಿಟ್ಟಿತ್ತು. ಮನೆಗೊಂದು ಕ್ಯಾಮೆರಾ ಬಂದಾಗಲೂ ಅವನ ಕೈ ಬೇರೆ ವಿದ್ಯೆ ಕಲಿಯಲಿಲ್ಲ.

ನನ್ನ ವಾರಿಗೆಯ ಹುಡುಗಿಯರ ಬಾಲ್ಯದ ಫೋಟೋಗಳಲ್ಲಿ ಎರಡು ಜಡೆ, ಹಲ್ಲು ಬಿದ್ದ ಬಾಯಿ, ಗಲ್ಲದ ಮೇಲಿನ ದೃಷ್ಟಿಬೊಟ್ಟು ಕಾಣುತ್ತವೆ. ನನ್ನ ಬಾಲ್ಯದ ಆಲ್ಬಮ್ಮಿನಲ್ಲಿ ಕಾಣುವುದು ಜಮಖಂಡಿ ಗುಡ್ಡದ ಮೇಲಿನ ಅರಮನೆ. ಅದರ ಗೋಡೆಯ ಬುಡದಲ್ಲಿ ಒಂದು ಕೆಂಪು ಚುಕ್ಕೆ, ಅದು ನಾನು. ಬನಹಟ್ಟಿಯ ನೇಕಾರರ ಓಣಿಯ ಉದ್ದಕ್ಕೂ ಎಳೆದು ಕಟ್ಟಿದ ಬಣ್ಣದ ನೂಲು, ಆ ನೂಲು ಎಲ್ಲಿ ಮುಗಿಯುತ್ತದೋ ಅಲ್ಲಿ ಕಡ್ಡಿಯ ಹಾಗೆ ನಿಂತವಳೂ ನಾನು. ಮುಧೋಳದಲ್ಲಿ ಯಾರದೋ ತೋಟದ ಬೇಟೆನಾಯಿಯ ಪಕ್ಕ ನಿಂತದ್ದೂ ಇದೆ. ಅದರಲ್ಲಿ ನಾಯಿಗೆ ನಾನು ಅಳತೆಯೋ, ನನಗೆ ನಾಯಿ ಅಳತೆಯೋ ಈಗಲೂ ಹೇಳಲಾರೆ. ನಾಯಿ ಮಾತ್ರ ಕ್ಯಾಮೆರಾದ ಕಡೆ ನೋಡಿದೆ.

ನಾನು ನೋಡುವ ಹಾಗಿರಲಿಲ್ಲ. ಅಳತೆಗೆ ನಿಲ್ಲುವುದಕ್ಕೆ ಅಪ್ಪನ ಕಟ್ಟಳೆಗಳಿದ್ದವು. ಕೈ ಎರಡೂ ಕೆಳಗೆ ನೇರ. ಚಪ್ಪಲಿ ಬಿಚ್ಚಿ ಪಕ್ಕಕ್ಕೆ, ಏಕೆಂದರೆ ಚಪ್ಪಲಿಯ ದಪ್ಪ ನಮ್ಮ ಎತ್ತರಕ್ಕೆ ಸೇರಬಾರದು. ಮುಖ ಆ ಕಡೆ.

'ಯಾಕಪ್ಪಾ? ನಾ ಈ ಕಡಿ ನೋಡ್ತೀನಿ' ಎಂದು ಒಮ್ಮೆ ಅತ್ತಿದ್ದೆ.

'ಮಾರಿ ಕಂಡ್ರ ನೋಡಾವ್ರು ಮಾರೀನ ನೋಡ್ತಾರ ಯವ್ವಾ. ಬಿರಕು ಯಾರು ನೋಡಾವ್ರು?'

'ಇಲ್ಲಿ ಬಿರಕು ಎಲ್ಲೈತಿ? ಇದು ಅರಮನಿ.'

ಅಪ್ಪ ಕ್ಯಾಮೆರಾ ಇಳಿಸಿ ಅರಮನೆಯನ್ನು ನೋಡಿದ. 'ಹುಡುಕಿದ್ರ ಸಿಗತೈತಿ. ನೀ ಆ ಕಡಿ ತಿರುಗು' ಎಂದ.

ನಾನು ನೌಕರಿಗೆ ಸೇರುವ ಹೊತ್ತಿಗೆ ಅಪ್ಪ ನಿವೃತ್ತನಾಗಿದ್ದ. ನನ್ನದೇ ಕ್ಯಾಮೆರಾ ಬಂತು. ಮಾತಿಲ್ಲದೆ ನಮ್ಮ ಜಾಗಗಳು ಅದಲುಬದಲಾದವು. ಕಾಲೇಜಿನ ರಜೆಯಲ್ಲಿ ಇಬ್ಬರೂ ಊರು ನೋಡಲು ಹೊರಡುವುದು ರೂಢಿಯಾಯಿತು. ಅವ್ವನಿಗೆ ಮೊಣಕಾಲು ನೋವು. 'ನೀವು ಹೋಗಿ ಬರ್ರಿ. ಫೋಟೋ ತೋರಸ್ರಿ, ಸಾಕು. ನನಗ ಕಾಲು ನೋಯೂದೂ ತಪ್ಪತೈತಿ, ನಿಮ್ಮಪ್ಪನ ಭೂಗೋಳ ಕೇಳೂದೂ ತಪ್ಪತೈತಿ' ಎನ್ನುತ್ತಿದ್ದಳು.

ಹೊಸ ಊರಿನಲ್ಲಿ ಏನಾದರೂ ದೊಡ್ಡದು ಕಣ್ಣಿಗೆ ಬಿದ್ದ ಕೂಡಲೇ ಅಪ್ಪ ನನ್ನನ್ನು ಕೇಳದೆ ಅದರ ಕಡೆ ನಡೆದುಬಿಡುತ್ತಿದ್ದ. ತಂಜಾವೂರಿನ ಗೋಪುರದ ಬುಡಕ್ಕೆ, ಕೋಣಾರ್ಕದ ಕಲ್ಲಿನ ಗಾಲಿಯ ಬದಿಗೆ. ಚಪ್ಪಲಿ ಬಿಡುತ್ತಿದ್ದ, ಬೆನ್ನು ತಿರುಗಿಸುತ್ತಿದ್ದ, ಬಲಗೈ ಸ್ವಲ್ಪ ಎತ್ತಿ 'ಹೂಂ, ತಗಿ' ಎಂದು ಸನ್ನೆ ಮಾಡುತ್ತಿದ್ದ. ಬಿಳಿ ಅಂಗಿ, ಬೂದು ಪ್ಯಾಂಟು. ದೂರದಿಂದ ಎದ್ದು ಕಾಣುತ್ತದೆಂದು ಪ್ರಯಾಣಕ್ಕೆ ಬೇರೆ ಬಣ್ಣದ ಅಂಗಿ ತರುತ್ತಲೇ ಇರಲಿಲ್ಲ.

ಜೈಸಲ್ಮೇರಿನ ಮರಳಿನಲ್ಲಿ ನಡುಮಧ್ಯಾಹ್ನ ಚಪ್ಪಲಿ ಬಿಟ್ಟು ನಿಂತ.

'ಅಪ್ಪಾ, ಹಾಕ್ಕೋ. ಕಾಲು ಸುಡ್ತಾವು.'

'ಹಾಕ್ಕೊಂಡ್ರ ಲೆಕ್ಕ ತಪ್ಪತೈತಿ. ಲಗೂ ತಗೀ ಬೇ!'

ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಪ್ಪಳಿಸುತ್ತಲೇ ಕೈಗಳನ್ನು ಮಾತ್ರ ನೇರವಾಗಿ ಹಿಡಿದಿದ್ದ. ಒಂಟೆಯವನು ಬಾಯಿ ತೆರೆದು ನೋಡುತ್ತಿದ್ದ. ಆ ಫೋಟೋದಲ್ಲಿ ಅಪ್ಪ ನೆಲ ಮುಟ್ಟಿಲ್ಲ. ದಿಬ್ಬದ ಬಲಕ್ಕೆ ಎಳ್ಳಿನಷ್ಟು ಬಿಳಿ, ಅದರ ಕೆಳಗೆ ಕೂದಲೆಳೆಯಷ್ಟು ಬೆಳಕು, ಅದರ ಪಕ್ಕದಲ್ಲಿ ಎರಡು ಕಪ್ಪು ಚುಕ್ಕೆ.

ಆ ಎರಡು ಚುಕ್ಕೆಗಳ ಮಹತ್ವವನ್ನು ಕಂಡುಹಿಡಿದವಳು ಅವ್ವ. ಊರಿಗೆ ಬಂದ ಮೇಲೆ ಮಧ್ಯಾಹ್ನದ ಊಟವಾಗಿ, ಪಡಸಾಲೆಯಲ್ಲಿ ಅವಳಿಗೆ ಫೋಟೋ ತೋರಿಸುವುದು ನಮ್ಮ ಪ್ರಯಾಣದ ಕೊನೆಯ ನಿಲ್ದಾಣ. ಗೋಪುರ, ಮರಳು, ಕೋಟೆ ಯಾವುದನ್ನೂ ಅವಳು ಮೊದಲು ನೋಡುತ್ತಿರಲಿಲ್ಲ. 'ಇವ್ರು ಎಲ್ಲದಾರ?' ಎಂದು ಹುಡುಕುತ್ತಿದ್ದಳು. ಅಪ್ಪ ಪಕ್ಕದಲ್ಲೇ ಅಡಕೆ ಕತ್ತರಿಸುತ್ತ ಕೂತು, 'ಇಲ್ಲೇ ಅದೀನಲ್ಲ, ಅಲ್ಲೇನು ಹುಡುಕತಿ?' ಎಂದು ಛೇಡಿಸುತ್ತಿದ್ದ.

'ಸುಮ್ನಿರ್ರಿ. ಹಾಂ, ಇಲ್ಲಿ ಚಪ್ಪಲಿ ಅದಾವು. ಅಂದ್ರ ಇವ್ರು ಇಲ್ಲೇ ಇರಬೇಕು. ಸಿಕ್ರು!' ಎನ್ನುತ್ತಿದ್ದಳು. ಸಿಕ್ಕ ಮೇಲೆ ಗೋಪುರದ ಕಡೆ ಕಣ್ಣು ಹೋಗುತ್ತಿತ್ತು. 'ಅಬಾಬಾ, ಎಷ್ಟ ದೊಡ್ಡದೈತಿ!' ಆಗ ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಅವನ ವಿದ್ಯೆ ಫಲಿಸಿತ್ತು.

ಒಂದೇ ಒಂದು ಸಲ ಅಪ್ಪ ಅಳತೆಗೆ ನಿಲ್ಲಲಿಲ್ಲ. ಅದು ಪುರಿಯ ಸಮುದ್ರದ ಮುಂದೆ. ಬೀಳಗಿಯವರಾದ ನಮಗೆ ನೀರು ಹೊಸದಲ್ಲ. ಕೃಷ್ಣೆಯ ಹಿನ್ನೀರು ಊರ ಸಮೀಪಕ್ಕೇ ಬಂದು ಕೂತಿದೆ. ಆದರೂ ಸಮುದ್ರ ಕಂಡಾಗ ಅಪ್ಪ ರೂಢಿಯಂತೆ ಚಪ್ಪಲಿ ಬಿಟ್ಟು, ನೀರಿನ ತನಕ ಹೋಗಿ, ಬೆನ್ನು ತಿರುಗಿಸಿ ನಿಂತ. ಕೈ ಎತ್ತಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದು, ಚಪ್ಪಲಿ ಕೈಯಲ್ಲಿ ಹಿಡಿದು ವಾಪಸು ಬಂದ.

'ಇದಕ್ಕ ನಾ ಸಾಲಂಗಿಲ್ಲ ಯವ್ವಾ' ಎಂದ.

ನನ್ನ ಪಕ್ಕ ಮರಳಿನಲ್ಲಿ ಕೂತ. ನಾನು ಕ್ಯಾಮೆರಾವನ್ನು ಉಪ್ಪುಗಾಳಿ ತಾಗಬಾರದೆಂದು ಚೀಲದಲ್ಲಿ ಇಟ್ಟೆ. ಇಬ್ಬರೂ ಶೇಂಗಾ ತಿಂದೆವು. ಅಪ್ಪನ ಎಡಹುಬ್ಬಿನಲ್ಲಿ ಒಂದು ಕೂದಲು ಮಾತ್ರ ಉದ್ದವಾಗಿ, ಬೆಳ್ಳಗೆ ಬೆಳೆದು ಗಾಳಿಗೆ ಅಲುಗುತ್ತಿತ್ತು. ಗಲ್ಲದ ಕೆಳಗೆ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ತಪ್ಪಿಸಿಕೊಂಡ ಜಾಗ. ಇಷ್ಟು ಸ್ಪಷ್ಟವಾಗಿ ಅವನ ಮುಖ ನನ್ನಲ್ಲಿ ಉಳಿದಿರುವುದು ಅಲ್ಲಿಯದೇ. ಅದರ ಫೋಟೋ ಇಲ್ಲ.

ಹೋದ ಕಾರ್ತಿಕದಲ್ಲಿ ಒಂದು ಮುಂಜಾನೆ ಅಪ್ಪ ಸ್ನಾನ ಮಾಡಿ, ಪೂಜೆ ಮುಗಿಸಿ, ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ಎಂದ. ನಮ್ಮ ಕಾಕಾ, ಅಪ್ಪನ ತಮ್ಮ, ಗಾಡಿ ತಂದ. ಬಾಗಲಕೋಟೆಯ ಕಡೆ ಹೊರಟೆವು. ಅನಗವಾಡಿಯ ಸೇತುವೆಯ ಮೇಲೆ ಅಪ್ಪ ಕಿಟಕಿಯಿಂದ ನೀರನ್ನು ನೋಡಿದ. ಸೇತುವೆ ದಾಟುವುದರೊಳಗೆ ಆಗಿಹೋಗಿತ್ತು. ಹಿಂದಿನ ಸೀಟಿನಲ್ಲಿ ಅವನ ತಲೆ ಅವ್ವನ ತೊಡೆಯ ಮೇಲಿತ್ತು. ಅವ್ವ ತನ್ನ ಕೈಯಿಂದಲೇ ಅವನ ಕಣ್ಣು ಮುಚ್ಚಿದಳು. ಕಾಕಾ ಗಾಡಿ ತಿರುಗಿಸಿದ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಪಡಸಾಲೆಯ ಗೋಡೆಗೆ ಆನಿಸಿ ಅಪ್ಪನನ್ನು ಕೂಡಿಸಿದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಹಾರ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಅಕ್ಕಪಕ್ಕ ಕೂತು ಫೋಟೋ ತೆಗೆಸಿಕೊಳ್ಳುವುದು ಪದ್ಧತಿ. 'ಬಾರವ್ವಾ, ಮಗ್ಗಲಕ್ಕ ಕುಂಡ್ರು' ಎಂದು ಕಾಕಾ ನನ್ನನ್ನು ಕರೆದ. ಕೂತೆ. ಹೀಗೆ ನಾವಿಬ್ಬರೂ ಹತ್ತಿರ ಹತ್ತಿರ, ಕ್ಯಾಮೆರಾದ ಕಡೆ ಮುಖ ಮಾಡಿಕೊಂಡಿರುವ ಫೋಟೋ ಇರುವುದು ಅದೊಂದೇ. ನಾನು ನೋಡುತ್ತಿದ್ದೇನೆ. ಅಪ್ಪ ಕಣ್ಣು ಮುಚ್ಚಿದ್ದಾನೆ.

ಮುಂದಿನದು ಗೋಡೆಯ ಫೋಟೋದ ಕೆಲಸ. ತೀರಿದವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ದಿನ ಬೀಗರು ನೆಂಟರು ಬರುತ್ತಾರೆ, ಅಷ್ಟರೊಳಗೆ ಫೋಟೋ ಆಗಬೇಕು. 'ಕಣ್ಣು ತಗದದ್ದು ಒಂದು ಫೋಟೋ ಕೊಡು. ಅವ್ರು ಹೆಂಗಿದ್ರೋ ಹಂಗ ಇರಬೇಕು' ಎಂದು ಅವ್ವ ನನಗೆ ಹೇಳಿದಳು. ಅತ್ತು ಮುಗಿದ ಮೇಲೆ ಅವಳು ಕೇಳಿದ್ದು ಅದೊಂದನ್ನೇ.

ಸುಲಭದ ಕೆಲಸವೆಂದುಕೊಂಡೆ. ದೇಶದ ನಾಲ್ಕೂ ದಿಕ್ಕಿನಲ್ಲಿ ಅಪ್ಪನ ಫೋಟೋ ತೆಗೆದವಳು ನಾನು. ಕಂಪ್ಯೂಟರ್ ತೆರೆದು ಕೂತೆ. ತಂಜಾವೂರು ನೋಡಿದೆ, ಜೈಸಲ್ಮೇರು ನೋಡಿದೆ. ಎಲ್ಲ ಕಡೆಯೂ ಅಪ್ಪ ಇದ್ದ, ಬೆನ್ನು ತಿರುಗಿಸಿಕೊಂಡಿದ್ದ. ಅಪರೂಪಕ್ಕೆ ಪಕ್ಕಕ್ಕೆ ತಿರುಗಿದ ಕಡೆ ದೊಡ್ಡದು ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಫೋನಿನಲ್ಲಿ ಒಂದು ಅನುಕೂಲವಿದೆ, ಅದು ಫೋಟೋಗಳಲ್ಲಿನ ಮುಖಗಳನ್ನು ತಾನೇ ಗುರುತಿಸಿ ಬೇರೆ ಬೇರೆ ಗುಂಪು ಮಾಡಿಡುತ್ತದೆ. ಅದನ್ನೂ ತೆರೆದೆ. ನನ್ನ ವಿದ್ಯಾರ್ಥಿಗಳ ಗುಂಪುಗಳಿದ್ದವು, ಗೆಳತಿಯರದಿದ್ದವು, ಬಾದಾಮಿಯ ಗುಹೆಯ ದ್ವಾರಪಾಲಕನಿಗೂ ಒಂದು ಗುಂಪಿತ್ತು. ಅಪ್ಪನಿಗಿರಲಿಲ್ಲ.

ಬೇರೆ ಫೋಟೋಗಳೇ ಇಲ್ಲವೆಂದಲ್ಲ. ನೆಂಟರ ಮದುವೆಯ ಆಲ್ಬಮ್ಮುಗಳನ್ನು ಕಾಕಾ ಹೊತ್ತು ತಂದ. ಅವುಗಳಲ್ಲಿ ಅಪ್ಪ ಒಂದೋ ಊಟದ ಪಂಕ್ತಿಯಲ್ಲಿ ತಲೆ ತಗ್ಗಿಸಿದ್ದ, ಇಲ್ಲವೇ ಯಾರದೋ ತಲೆಯ ಪಟಗದ ಹಿಂದೆ ಅರ್ಧ ಮರೆಯಾಗಿದ್ದ. ಅಪ್ಪ ಅವ್ವನ ಮದುವೆಯ ಫೋಟೋ ಇತ್ತು. ಅವ್ವ ಅದನ್ನು ನೋಡಿ, 'ಇದನ್ನ ಹಾಕಿದ್ರ, ಬಂದಾವ್ರು ನಿನಗೊಬ್ಬ ಮಗಾ ಇದ್ನೇನವಾ ಅಂತ ಕೇಳ್ತಾರ' ಎಂದಳು. ಕೊನೆಗೆ ಆಧಾರ್ ಕಾರ್ಡು ತೆಗೆದೆ. ಅವ್ವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

'ಯಾರಿವ್ರು? ಕಳ್ಳನ್ನ ಹಿಡಕೊಂಡ ಬಂದು ನಿಂದ್ರಿಸಿದಂಗ ಅದಾರ.'

ಸಾವಿನ ಮನೆಯಲ್ಲಿ ಮೂವರೂ ನಕ್ಕೆವು. ನಗುತ್ತಲೇ ಅವ್ವ ಕಾರ್ಡನ್ನು ಬೋರಲು ಇಟ್ಟಳು.

ಬಜಾರದಲ್ಲಿ ಮಲ್ಲಣ್ಣನ ಸ್ಟುಡಿಯೋ ಇದೆ. ನಾನು, ಅವ್ವ, ಕಾಕಾ ಅಲ್ಲಿಗೆ ಹೋದೆವು. ಮಲ್ಲಣ್ಣ ನನ್ನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

'ತಂಗೀ, ಇದರಾಗ ಮಾರಿ ಇಲ್ಲವಾ. ಬರೇ ಚುಕ್ಕಿ ಅದಾವು.'

'ಮತ್ತೇನ ಮಾಡೂದ್ರಿ?'

'ಕೂಡಿಸಿದ ಫೋಟೋ ಐತಲ್ಲ? ಅದ ಛಲೋ ಬಂದೈತಿ. ಕಣ್ಣು ತೆರಸೋಣು. ಎಲ್ಲಾರೂ ಹಂಗ ಮಾಡಿಸ್ತಾರ.'

'ಕಣ್ಣು ಎಲ್ಲಿಂದ ತರ್ತೀರಿ?' ಎಂದಳು ಅವ್ವ.

'ಕಣ್ಣು ಬೇಕಾದಷ್ಟು ಅದಾವ್ರೀ ನಮ್ಮ ಕಡೆ' ಎಂದರು ಮಲ್ಲಣ್ಣ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಗಿರಾಕಿಗೆ ಸೀರೆಯಂಗಡಿಯವರು ಧೈರ್ಯ ಹೇಳುವ ಹಾಗೆ ಹೇಳಿದರು. ಅವರ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಕಣ್ಣುಗಳಿದ್ದವು. ಗಂಡಸರವು, ಹೆಂಗಸರವು, ಮುದುಕರವು. ಯಾರವೋ. ಒಂದು ಜೋಡಿ ಆರಿಸಿ, ಅಪ್ಪನ ರೆಪ್ಪೆಗಳ ಮೇಲೆ ಇಟ್ಟು, ಬಣ್ಣ ಹೊಂದಿಸಿದರು.

ಹಾರ ಹಾಕಿಕೊಂಡ ಅಪ್ಪ ಪರದೆಯ ಮೇಲಿಂದ ನಮ್ಮನ್ನು ನೋಡಿದ. ಕಣ್ಣುಗಳು ಚೆನ್ನಾಗಿದ್ದವು, ಹೊಳಪಿತ್ತು. ಕಾಕಾ 'ಹಾಂ, ಆತಲ್ಲ' ಎಂದ.

ಅವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಪರಗಂಡಸರ ಎದುರು ಅವಳು ಹಾಗೆ ಮಾಡುತ್ತಾಳೆ.

'ಬ್ಯಾಡ್ರಿ ಮಲ್ಲಣ್ಣಾ' ಎಂದಳು. 'ಅವ್ರು ಯಾರನ್ನೂ ಹಂಗ ದಿಟ್ಟಿಸಿ ನೋಡಿದಾವ್ರಲ್ಲ. ಮುಚ್ರಿ. ಕಣ್ಣು ಮುಚ್ರಿ ಅವರವು.'

ಮಲ್ಲಣ್ಣ ಆ ಕಣ್ಣುಗಳನ್ನು ಅಳಿಸಿದರು. ಅಪ್ಪನ ರೆಪ್ಪೆಗಳು ಮತ್ತೆ ಮುಚ್ಚಿಕೊಂಡವು. ಅವ್ವ ಎರಡನೆಯ ಸಲ ಅವನ ಕಣ್ಣು ಮುಚ್ಚಿದ್ದಳು.

ಸ್ಟುಡಿಯೋದ ಬೆಂಚಿನ ಮೇಲೆ ನಾವು ಕೂತೆವು. ಮಲ್ಲಣ್ಣ ಚಹಾ ತರಿಸಿದರು. ಚಹಾ ಕುಡಿಯುತ್ತ ಅವ್ವ, 'ನಿನ್ನ ಫೋಟೋ ಒಂದೊಂದ ತೋರಸು' ಎಂದಳು. ತೋರಿಸಿದೆ. ಅವಳು ನೋಡುವ ರೀತಿ ಬದಲಾಗಿರಲಿಲ್ಲ. ಮೊದಲು ಚಪ್ಪಲಿ ಹುಡುಕುತ್ತಿದ್ದಳು. ಮರಳು ಬಂತು, ಹೋಯಿತು. ಗೋಪುರ ಬಂತು, ಹೋಯಿತು. ಗಲಗಲಿಯ ಹೊಳೆ ಬಂದಾಗ ನನ್ನ ಕೈ ಹಿಡಿದಳು.

ಗಲಗಲಿ ಅವ್ವನ ತವರು. ಒಂದು ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಮೂವರೂ ಹೋಗಿದ್ದೆವು. ನಾನು ಎತ್ತರದ ದಂಡೆಯಿಂದ ತೆಗೆದದ್ದು. ಫೋಟೋದ ತುಂಬ ಕೆಂಪು ನೀರು. ಕೆಳಗೆ ಎಡಮೂಲೆಯಲ್ಲಿ ಮೆಟ್ಟಿಲು, ಮೆಟ್ಟಿಲ ಮೇಲೆ ಎರಡು ಚುಕ್ಕೆ, ಅವುಗಳ ಪಕ್ಕದಲ್ಲಿ ಅಪ್ಪ.

'ಇದನ್ನ ಹಾಕೂಣು.'

ಕಾಕಾ ಚಹಾದ ಕಪ್ಪು ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದ. 'ವೈನೀ, ಇದರಾಗ ಅಣ್ಣ ಎಲ್ಲದಾನ್ರಿ? ಬಂದಾವ್ರು ಹೊಳಿಗೆ ಪೂಜಿ ಮಾಡ್ಯಾರ ಅಂತಾರ.'

'ಅನ್ನಲಿ. ಹೊಳಿಗೂ ಒಂದು ಕೈ ಮುಗಿದ್ರ ಏನ ಆಗತೈತಿ?'

'ಜನಾ ನಗ್ತಾರ್ರಿ.'

'ನಗಲಿ ಬಿಡೋ. ನನಗ ಗೊತ್ತೈತಲ್ಲ, ಎಲ್ಲಿ ನಿಂತಾರಂತ.'

ಫೋಟೋ ದೊಡ್ಡ ಚೌಕಟ್ಟಿನಲ್ಲಿ ಗೋಡೆಗೆ ಬಂತು. ಶಿವಗಣಾರಾಧನೆಯ ದಿನ ಬಂದವರು ಅದರ ಮುಂದೆ ಸ್ವಲ್ಪ ತಬ್ಬಿಬ್ಬಾದದ್ದು ನಿಜ. ಮುಧೋಳದಿಂದ ಬಂದ ಹಿರಿಯರೊಬ್ಬರು ಕೈ ಮುಗಿದು, ಅತ್ತಿತ್ತ ನೋಡಿ, ಮತ್ತೆ ಕೈ ಮುಗಿದರು. ಅವ್ವ ಎದ್ದು ಹೋಗಿ ಬೆರಳಿಟ್ಟು ತೋರಿಸಿದಳು. 'ಇಲ್ಲದಾರ್ರಿ ನೋಡ್ರಿ.' ಅವರು ಬಗ್ಗಿದರು. ಆಮೇಲೆ ಬಂದವರೆಲ್ಲ ಹಾಗೆಯೇ ಬಗ್ಗಿ ನೋಡಿದರು. ಬದುಕಿದ್ದಾಗ ಯಾರೂ ಅಪ್ಪನನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ.

ಅದಾದ ಮೇಲೆ ಸಂಕ್ರಾಂತಿಯ ರಜೆಯಲ್ಲಿ ಅವ್ವನನ್ನು ಜಮಖಂಡಿಗೆ ಕರೆದುಕೊಂಡು ಹೋದೆ. ಅವಳಿಗೂ ಗಾಳಿ ಬೇಕಿತ್ತು, ನನಗೂ ಬೇಕಿತ್ತು. ಗುಡ್ಡದ ಮೇಲೆ ಕ್ಯಾಮೆರಾ ತೆಗೆದೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮೊಣಕಾಲು ಹಿಡಿದುಕೊಂಡು ಅರಮನೆಯ ಗೋಡೆಯ ಕಡೆ ನಡೆದುಬಿಟ್ಟಳು. ಚಪ್ಪಲಿ ಬಿಟ್ಟಳು. ಬೆನ್ನು ತಿರುಗಿಸಿ ನಿಂತಳು.

'ಅವ್ವಾ, ಅಷ್ಟ ದೂರ ಬ್ಯಾಡ. ಈ ಕಡಿ ಬಾ. ಇಲ್ಲೇ ಹತ್ರ ಬಾ. ಮಾರಿ ತಿರುಗಸು.'

ಕ್ಯಾಮೆರಾ ಹಿಡಿದುಕೊಂಡು ಯಾರಿಗಾದರೂ ಹತ್ತಿರ ಬಾ ಎಂದದ್ದು ಅದೇ ಮೊದಲು. ಅವ್ವ ತಿರುಗಿ ನೋಡಿದಳು. ಅರ್ಥವಾಯಿತೆಂದು ಕಾಣುತ್ತದೆ. ನಕ್ಕಳು.

'ಯಾಕ ಬೇ, ಇಷ್ಟ ಲಗೂ ನನ್ನನ್ನ ಗ್ವಾಡಿಗೆ ಹಾಕ್ತೀಯೇನು?'

ಆ ನಗೆಯನ್ನು ತೆಗೆಯಬಹುದಿತ್ತು. ಬೆರಳು ಒತ್ತಲು ಆಗಲಿಲ್ಲ. ಅವಳು ಮತ್ತೆ ಬೆನ್ನು ತಿರುಗಿಸಿದಳು, ಬಲಗೈ ಸ್ವಲ್ಪ ಎತ್ತಿದಳು. ಆ ಸನ್ನೆಯನ್ನು ಅವಳು ಎಂದು ಕಲಿತಳೋ. ದೂರದಿಂದಲೇ ಒಂದು ತೆಗೆದೆ. ಅರಮನೆ ದೊಡ್ಡದಾಗಿಯೇ ಬಂದಿದೆ.

ಈಗ ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ನಾನು ಮುಧೋಳದ ಬಸ್ಸಿಗೆ ಹೊರಡುವ ಮೊದಲು ಅವ್ವ ಪೂಜೆ ಮುಗಿಸಿ, ವಿಭೂತಿಯ ಕೈಯಲ್ಲೇ ಪಡಸಾಲೆಗೆ ಬರುತ್ತಾಳೆ. ಬೇರೆ ಮನೆಗಳಲ್ಲಿ ಗೋಡೆಯ ಫೋಟೋಕ್ಕೆ ಹಣೆಯಿರುತ್ತದೆ. ಗಾಜಿನ ಮೇಲೆ ಮೂರು ಬೆರಳಿನ ಗೆರೆ ಎಳೆದರೆ ಆಯಿತು. ನಮ್ಮ ಫೋಟೋದಲ್ಲಿ ಮೂರು ಬೆರಳಿಗೆ ಜಾಗವಿಲ್ಲ. ಅವ್ವ ಉಂಗುರದ ಬೆರಳಿನ ತುದಿಯಿಂದ ಒಮ್ಮೆ ಮುಟ್ಟುತ್ತಾಳೆ. ಅಷ್ಟಕ್ಕೇ ಅಪ್ಪ, ಅವನ ಚಪ್ಪಲಿ, ಎರಡು ಮೆಟ್ಟಿಲು, ಸ್ವಲ್ಪ ಹೊಳೆ ಎಲ್ಲ ಬೂದಿಯೊಳಗೆ ಮುಚ್ಚಿಹೋಗುತ್ತವೆ.

ಅವ್ವ ಕಣ್ಣು ಮುಚ್ಚಿ ಕೈ ಮುಗಿಯುತ್ತಾಳೆ. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಗಾಜನ್ನು ಮೆಲ್ಲಗೆ ಒರೆಸುತ್ತಾಳೆ. ಮೊದಲು ಚಪ್ಪಲಿ ಕಾಣುತ್ತದೆ. ಇನ್ನಷ್ಟು ಒರೆಸಿ, ಬಗ್ಗಿ ನೋಡುತ್ತಾಳೆ.

'ಅದಾರ' ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಾಳೆ.